ಸಾವ್ಕಾರರ ಲೋಟದಾಗಿನ ಮಜ್ಜಿಗಿ

ಆಗ ನನಗ ಐವತ್ತೆರಡು. ರೇಷನ್ ಕಾರ್ಡಿನ್ಯಾಗ ನಲವತ್ತೆಂಟು ಅಂತ ಇತ್ತು, ಅದು ಸುಳ್ಳು. ಹಾವೇರಿ ಕೋರ್ಟಿನ್ಯಾಗ ನಿಂತು ನಾ ಬಾಯಿ ಬಿಟ್ಟು ಈಗ ಹದಿನಾಕು ವರ್ಷ ಆತು. ಬ್ಯಾಡಗಿಯೊಳಗ ಇನ್ನೂ ಕೆಲವರು ನನ್ನ ಕಂಡ್ರ ಮನಿ ಮುರದಾಕಿ ಅಂತಾರ. ಅನ್ನಲಿ. ಆ ಮನಿ ಮುರದದ್ದು ನನ್ನ ಬಾಯಿಂದ ಅಲ್ಲ. ಆದ್ರ ಮುರಿಯೂಕಿಂತ ಮೊದಲ ಆ ಮನಿ ಹ್ಯಾಂಗಿತ್ತು ಅನ್ನೋದು ನನ್ನಷ್ಟು ನೆನಪಿದ್ದವರು ಈಗ ಯಾರೂ ಉಳದಿಲ್ಲ.

ದೊಡ್ಡ ಬಾಗಲಾ ದಾಟಿದ್ರ ಅಂಗಳ. ಅಂಗಳದ ಎಡಕ್ಕ ಮೆಣಸಿನಕಾಯಿ ಗೋದಾಮು, ಬಲಕ್ಕ ಅವರು ಇರೋ ಮನಿ, ಮನಿ ಮ್ಯಾಲೆ ಸಾವ್ಕಾರರ ಖೋಲಿ. ಸಾವ್ಕಾರರದು ಮೆಣಸಿನಕಾಯಿ ದಲಾಲಿ, ಮೋಟೆಬೆನ್ನೂರ ಕಡೆ ಹೊಲ. ಊರಾಗ ಅಣ್ಣ ತಮ್ಮರ ಜಗಳ ಆದ್ರ ಠಾಣೆಕ್ಕ ಹೋಗೂಕಿಂತ ಮೊದಲ ಇವರ ಕಟ್ಟಿಗೆ ಬರತಿದ್ರು. ಎಲೆಕ್ಷನ್ನಿಗೆ ನಿಂತವರು ಯಾವ ಪಾರ್ಟಿಯವರಾಗಲಿ, ಮೊದಲನೇ ಹಾರ ಇವರಿಗೆ ಹಾಕಿ ಮುಂದ ಹೋಗತಿದ್ರು. ಸಾವ್ಕಾರರು ಆ ಹಾರ ತಗದು ನಮ್ಮ ಆಕಳ ಮುಂದ ಒಗೀತಿದ್ರು. ಆಕಳಿಗೆ ಎಲ್ಲಾ ಪಾರ್ಟಿ ಒಂದ.

ನಮ್ಮ ಕೆಲಸ ತುಂಬು ಬಿಡಸೋದು. ಒಣ ಮೆಣಸಿನಕಾಯಿ ತೊಟ್ಟಿಗೆ ನಾವು ತುಂಬು ಅಂತೇವಿ. ಹಂಗಾಮಿನ್ಯಾಗ ಅರವತ್ತು ಹೆಣ್ಣಮಕ್ಕಳು ಗೋದಾಮಿನ್ಯಾಗ ಸಾಲ ಹಿಡದು ಕುಂತು ಮುಂಜಾನಿಂದ ಸಂಜೀತನ ತುಂಬು ಕಿತ್ತಿದ್ದ ಕಿತ್ತಿದ್ದು. ಊರೆಲ್ಲ ಕೆಂಪು. ಸೋಮವಾರ, ಗುರುವಾರ ಪ್ಯಾಟಿ ದಿನ ಹೊಸಬ್ರು ಬಸ್ ಇಳೀತಿದ್ದಂಗ ಸೀನಾಕ ಹತ್ತತಿದ್ರು. ನಮಗ ಸೀನು ಬರತಿದ್ದದ್ದು ಊರು ಬಿಟ್ಟು ಬೀಗರ ಮನಿಗೆ ಹೋದಾಗ. ಸ್ವಚ್ಛ ಗಾಳಿ ನಮ್ಮ ಮೂಗಿಗೆ ಆಗಿ ಬರತಿರಲಿಲ್ಲ.

ಕೈ ಉರೀತಿತ್ತು ಖರೇ. ಸಂಜೀಕ ಔಡಲೆಣ್ಣಿ ಹಚ್ಚಿಕೊಂಡು ಕುಂದರತಿದ್ವಿ. ಆದ್ರ ಆ ಸಾಲಿನ್ಯಾಗ ಕುಂತು ನಕ್ಕಷ್ಟು ನಾ ಎಲ್ಲೂ ನಕ್ಕಿಲ್ಲ. ನನ್ನ ಬಾಜೂಕ ಕುಂದರತಿದ್ದಾಕಿ ತನ್ನ ಅತ್ತಿನ್ನ ಬೈಯೋದನ್ನ ಲಾಲಿ ಧಾಟಿಯೊಳಗ ಬೈತಿದ್ಲು, ತೊಡಿ ಮ್ಯಾಲೆ ಕೂಸು ಮಲಗಿರತಿತ್ತು, ಅದಕ್ಕೂ ನಿದ್ದಿ ಬರತಿತ್ತು. ಸಾವ್ಕಾರರು ಬಂದು ನಿಂತ್ರ ಆಕಿ ಗಪ್. ಅವರು, ‘ಯಾಕ ನಿಲ್ಲಿಸಿದ್ಯವಾ, ನಮ್ಮವ್ವಗೂ ಒಂದೆರಡು ಹಾಡು’ ಅಂದು ಹೋಗತಿದ್ರು.

ಸಾವ್ಕಾರರ ಹೇಣ್ತಿಗೆ ನಾವೆಲ್ಲ ಅವ್ವಾರು ಅಂತಿದ್ವಿ. ನನಗಿಂತ ಹತ್ತು ವರ್ಷಕ್ಕ ದೊಡ್ಡಾಕಿ. ನನ್ನ ಗಂಡ ಸತ್ತ ವರ್ಷ ನನ್ನ ಗೋದಾಮಿನಿಂದ ಎಬ್ಬಿಸಿ ಮನಿ ಕೆಲಸಕ್ಕೂ ಹಚ್ಚಿಕೊಂಡ್ರು. ಅಕ್ಷರ ಕಲಿಸಿದಾಕಿನೂ ಆಕೀನ. ಕಡ್ಡಿ ಮೆಣಸಿನಕಾಯಿ ಚೀಲದ ಮ್ಯಾಲೆ ಕ, ಡಬ್ಬಿ ಮೆಣಸಿನಕಾಯಿ ಚೀಲದ ಮ್ಯಾಲೆ ಡ ಬರಿ ಅಂತ ಇದ್ದಿಲಿ ಕೊಟ್ರು. ನಾ ಡ ಬರದ್ರ ಅದು ಕುಂತ ಕೋಳಿಯಂಗ ಕಾಣತಿತ್ತು. ಅವ್ವಾರು ಹೊಟ್ಟಿ ಹಿಡಕೊಂಡು ನಗತಿದ್ರು, ಮತ್ತ ಕೈ ಹಿಡದು ತಿದ್ದತಿದ್ರು. ಶೀಗಿ ಹುಣ್ಣಿಮಿಗೆ ಹೊಲಕ್ಕ ಚರಗ ಚೆಲ್ಲಾಕ, ಭೂಮಿತಾಯಿಗೆ ಎಡಿ ಕೊಡಾಕ ಹೋಗೋವಾಗ ಚಕ್ಕಡಿಯೊಳಗ ನಂದೂ ಒಂದು ಜಾಗಾ. ಕಡಬು, ಪುಂಡಿಪಲ್ಲೆ, ಎಣ್ಣಿಗಾಯಿ, ಕಟಕ ರೊಟ್ಟಿ. ಹೊಲದಾಗ ಕುಂತು ಉಂಡದ್ದು ನೆನಸಿದ್ರ ಈಗೂ ಬಾಯಾಗ ನೀರು ಬರತೈತಿ. ನನ್ನ ಗಂಡನ ಮುಖ ಅಷ್ಟು ಸಾಫ್ ನೆನಪಿಲ್ಲ.

ಒಂದು ಮಾತ್ರ ಇತ್ತು. ಹಿತ್ತಲ ಗ್ವಾಡಿಯೊಳಗ ಒಂದು ಗೂಡು, ಆ ಗೂಡಿನ್ಯಾಗ ನಮ್ಮ ಅಲ್ಯೂಮಿನಿ ಲೋಟ. ನಮ್ಮ ಓಣಿಯವರು ಅದರಾಗ ಕುಡೀಬೇಕು, ತೊಳದು ಅಲ್ಲೇ ಇಡಬೇಕು. ಮನಿಯವರ ಪಾತ್ರೆ ತಿಕ್ಕಬಹುದು, ಎತ್ತಿಡಬಹುದು, ಬಾಯಿಗೆ ಹಚ್ಚಂಗಿಲ್ಲ. ಇದನ್ನ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಸಾವ್ಕಾರರದೊಂದು ಬೆಳ್ಳಿ ಲೋಟ ಇತ್ತು. ಅವ್ವಾರ ತವರಿನಿಂದ ಲಗ್ನದಾಗ ಬಂದದ್ದು. ಅದರಾಗ ಮಕ್ಕಳೂ ಕುಡೀತಿರಲಿಲ್ಲ, ಅವ್ವಾರೂ ಕುಡೀತಿರಲಿಲ್ಲ.

ಮಕ್ಕಳು ಇಬ್ಬರು. ಹಿರೇ ಮಗ ಹೊಲ ನೋಡತಿದ್ದ. ಮಾತು ಕಮ್ಮಿ, ದಿನಾ ಮುಂಜಾನೆ ಎತ್ತಿನ ಕೂಡ ಎರಡು ಮಾತಾಡಿದ್ರ ಮನುಷ್ಯಾರ ಕೂಡ ಒಂದು. ಅವನ ಹೇಣ್ತಿ ಮೋಟೆಬೆನ್ನೂರಾಕಿ, ಅಡಗಿ ಮನಿ ಆಕಿ ಕೈಯಾಗ. ಸಣ್ಣ ಮಗ ಬ್ಯಾರೆ ತಳಿ. ಹೇಣ್ತಿ ಕರಕೊಂಡು ರಾಣೆಬೆನ್ನೂರಿಗೆ ಹೋಗಿ ಬೀಜದ ಅಂಗಡಿ ಹಾಕಿದ. ಅಲ್ಲಿ ಬೀಜದ ಧಂದೆ ದೊಡ್ಡದು. ಇವನೂ ದೊಡ್ಡವ ಆಗಬೇಕಿತ್ತು, ಅದೂ ಲಗೂ ಆಗಬೇಕಿತ್ತು.

ಮೊದಲ ಹೋದವ ಹಿರೇ ಮಗ. ಹೊಲದಾಗ ಕೃಷಿ ಹೊಂಡ ತಗಸಿದ್ರು, ಪಂಪು ನೋಡಾಕ ಅಂತ ಹೋದವ ಹೊಂಡದಾಗ ಸಿಕ್ಕ. ಚಪ್ಪಲಿ ದಂಡಿ ಮ್ಯಾಲೆ ಜೋಡಿಸಿ ಇಟ್ಟಂಗ ಇದ್ವು. ವರದಾ ಹೊಳಿ ತುಂಬಿ ಬಂದಾಗ ಆ ಕಡಿ ಈಸಿ ಈ ಕಡಿ ಬರತಿದ್ದ ಹುಡುಗ ಆ ಹೊಂಡದಾಗ ಹ್ಯಾಂಗ ಮುಳುಗ್ಯಾನು ಅಂತ ಹೆಣ್ಣಮಕ್ಕಳು ಗುಸುಗುಸು ಅಂದ್ರು. ಅವತ್ತು ಮುಂಜಾನೆ ತಮ್ಮನೂ ಹೊಲಕ್ಕ ಹೋಗಿದ್ದ ಅಂತ ಒಬ್ಬ ಆಳಮನುಷ್ಯಾ ಅಂದ, ಮರುದಿನ ನಾ ಹಂಗ ಅಂದ ಇಲ್ಲ ಅಂದ. ಸಾವ್ಕಾರರು ನನ್ನ ಮಗನ್ನ ಕೊಯ್ಸೋದು ಬ್ಯಾಡ ಅಂದ್ರು. ದೊಡ್ಡವರ ಮಾತು, ಪೊಲೀಸರು ಟೊಪಗಿ ಮುಟ್ಟಿ ಹೋದ್ರು.

ಇನ್ನ ಬೀಜದ ಸುದ್ದಿ. ತುಂಬು ಬಿಡಸೋವಾಗ ಮೆಣಸಿನಕಾಯಿ ಒಡದು ಬೀಜ ನೆಲಕ್ಕ ಉದರತಾವು. ಸಂಜೀಕ ಕಸ ಹೊಡದ್ರ ಬುಟ್ಟಿ ಬುಟ್ಟಿ ಬೀಜ. ಕಸ ಹೊಡ್ಯಾಕಿ ನಾ. ಕೆಲವು ಚಟ್ನಿಗೆ, ಉಳದದ್ದು ಎಣ್ಣಿ ಮಿಲ್ಲಿಗೆ. ಅದನ್ನ ಬಿತ್ತೋದಿಲ್ಲ. ಎಲ್ಲೆಲ್ಲಿಂದೋ ಬಂದ ಹತ್ತು ಥರದ ಕಾಯಿ ಬೀಜ ಅದು, ಬಿತ್ತಿದ್ರ ಏನ ಬರತೈತಿ ಅಂತ ದೇವರಿಗೂ ಗೊತ್ತಾಗೂದಿಲ್ಲ. ಬಿತ್ತೋ ಬೀಜಕ್ಕ ಗಿಡದಾಗ ಕಾಯಿ ಆರಿಸಿ ಬ್ಯಾರೆ ಒಣಗಸಬೇಕು. ಇದು ಬ್ಯಾಡಗಿ ಸೀಮಿ ಕೂಸಿಗೂ ಗೊತ್ತು.

ಅಣ್ಣ ಸತ್ತ ಮ್ಯಾಲೆ ಸಣ್ಣ ಮಗ ಬಂದು ನನಗ ಹೇಳಿದ: ನೆಲದ ಬೀಜ ಜರಡಿ ಹಿಡಿ, ಹೊಟ್ಟು ತೂರು, ಬ್ಯಾರೆ ಚೀಲಕ್ಕ ತುಂಬಿಡು, ನನ್ನ ಗಾಡಿ ಬರತೈತಿ. ತುಂಬಿಟ್ಟೆ. ಒಂದು ಹಂಗಾಮು ಅಲ್ಲ, ಎರಡು ಹಂಗಾಮು. ನಡುವ ಒಮ್ಮೆ ಹಲ್ಲು ಕೀಳಸಾಕ ರಾಣೆಬೆನ್ನೂರಿಗೆ ಹೋದಾಗ ಅವನ ಅಂಗಡಿ ಮುಂದ ನಿಂತೆ. ಥಳಥಳ ಹೊಳಿಯೋ ಪಾಕೀಟು, ಮ್ಯಾಲೆ ಮೊಳದುದ್ದದ ಮೆಣಸಿನಕಾಯಿ ಚಿತ್ರ. ಒಂದು ಪಾಕೀಟು ಹರದಿತ್ತು. ಒಳಗಿನ ಬೀಜಕ್ಕ ಗುಲಾಬಿ ಬಣ್ಣ ಹಚ್ಚಿದ್ರು. ಬೀಜದ ನಡುವ ನಮ್ಮ ಗೋದಾಮಿನ ಗ್ವಾಡಿ ಸುಣ್ಣದ ಚೂರು, ಅದಕ್ಕೂ ಗುಲಾಬಿ ಬಣ್ಣ. ನಾ ಹೊಡದ ಕಸ ನನಗ ಗುರುತು ಸಿಗದ ಇರತೈತೇನು? ಆದ್ರ ಗಲ್ಲ ಬಾತಿತ್ತು, ಬಸ್ಸು ಬಂತು, ಹತ್ತಿ ಬಂದೆ. ಯಾರ ಮುಂದೂ ಅನ್ನಲಿಲ್ಲ. ಅದು ನನ್ನ ಮೊದಲನೇ ತಪ್ಪು.

ಮುಂದಿನ ವರ್ಷ ರೈತರು ಬಂದ್ರು. ಬೈಕೋತ ಬರಲಿಲ್ಲ. ಒಬ್ಬೊಬ್ಬರು ಒಂದೊಂದು ಮೆಣಸಿನ ಗಿಡ ಬೇರು ಸಮೇತ ಕಿತ್ಕೊಂಡು ಬಂದು ಕಟ್ಟಿ ಮ್ಯಾಲೆ ಮಲಗಿಸಿದ್ರು. ಒಂದು ಗಿಡಕ್ಕ ಗುಂಡಗಾಯಿ, ಒಂದಕ್ಕ ಆಕಾಶ ನೋಡೋ ಕಾಯಿ, ಒಂದಕ್ಕ ಎಲಿ ಬಿಟ್ರ ಏನೂ ಇಲ್ಲ. ನಿಮ್ಮ ಮನಿ ಹೆಸರು ನೋಡಿ ಪಾಕೀಟು ಒಡದ್ವಿರೀ ಅಂದ್ರು, ಅಷ್ಟ.

ಸಾವ್ಕಾರರು ಗಿಡ ಒಂದೊಂದ ಎತ್ತಿ ನೋಡಿದ್ರು. ಆಮ್ಯಾಲೆ ನನ್ನ ಕರದ್ರು.

‘ಖರೇ ಹೇಳು. ನೆಲದ ಬೀಜ ಎಲ್ಲಿ ಹೋಗತಾವ?’

‘ಸಣ್ಣ ಸಾವ್ಕಾರರ ಗಾಡಿಯೊಳಗ ಹೋಗತಾವರಿ.’

ಅವರು ಕೈಯಾಗಿನ ಗಿಡ ಕೆಳಗಿಟ್ರು. ರೈತರಿಗೆ ಸೋಮವಾರ ಬರ್ರಿ, ಎಲ್ಲಾರ ಮುಂದ ತಪ್ಪು ಯಾರದು ಅಂತ ನಾನ ಹೇಳತೇನಿ ಅಂದ್ರು. ಅವತ್ತು ಗುರುವಾರ. ಸಾವ್ಕಾರರು ಸತ್ತದ್ದು ಶನಿವಾರ.

ಶನಿವಾರ ಮಧ್ಯಾಹ್ನ ಊಟ ಆದ ಮ್ಯಾಲೆ ಹಿರೇ ಸೊಸಿ ಬೆಳ್ಳಿ ಲೋಟದಾಗ ಮಜ್ಜಿಗಿ ಹಾಕಿ ಕೊಟ್ಲು. ಹಸಿಶುಂಠಿ ಜಜ್ಜಿ ಹಾಕಿದ್ಲು, ಕೊತ್ತಂಬ್ರಿ ತೇಲತಿತ್ತು. ಮ್ಯಾಲೆ ಒಯ್ದು ಕೊಡು ಅಂದ್ಲು. ನಾ ಆಗಷ್ಟ ಗೋದಾಮಿನ ಕಸ ಹೊಡದು ಬಂದಾಕಿ, ಗಂಟಲಾಗ ಘಾಟು ಕುಂತಿತ್ತು. ಮೆಟ್ಟಲಾ ಹತ್ತೋದ್ರಾಗ ಕೆಮ್ಮು ಸುರು ಆತು. ಸಾವ್ಕಾರರು ಮಂಚದ ಮ್ಯಾಲೆ ಕುಂತಿದ್ರು. ನಾ ಕೆಮ್ಮಿ ಕೆಮ್ಮಿ ಕಣ್ಣಾಗ ನೀರು ಬಂದು ಗ್ವಾಡಿ ಹಿಡಕೊಂಡೆ.

‘ಅದನ್ನ ನೀ ಕುಡಿ’ ಅಂದ್ರು.

‘ನನ್ನ ಲೋಟ ಹಿತ್ತಲದಾಗ ಐತ್ರಿ.’

‘ನೀ ಹಿತ್ತಲಾ ಮುಟ್ಟೋದ್ರಾಗ ಸಾಯತಿ. ಕುಡಿ ಅಂದ್ರ ಕುಡಿ.’

ಎತ್ತಿ ಕುಡೀಬೇಕು ಅಂತ ಮಾಡಿದೆ. ಕೆಮ್ಮಿಗೆ ಮಜ್ಜಿಗಿ ಎದಿ ಮ್ಯಾಲೆ ಚೆಲ್ಲಿತು. ಆಮ್ಯಾಲೆ ಲೋಟ ಕಚ್ಚೇ ಕುಡದೆ. ಪೂರಾ ಕುಡದೆ, ತಳದಾಗಿನ ಶುಂಠಿ ಸುದ್ದಾ. ಸಾವ್ಕಾರರು ನಕ್ಕರು. ಅವರು ನಕ್ಕದ್ದು ನಾ ನೋಡಿದ್ದು ಅದ ಕಡೀದು. ಸೋಮವಾರ ರೈತರ ಮುಂದ ಆ ಬೀಜ ನೆಲದಿಂದ ನಾ ಉಡಗಿದ್ದು ಅಂತ ಹೇಳತೀಯೇನು ಅಂತ ಕೇಳಿದ್ರು. ಹೇಳತೇನ್ರಿ ಅಂದೆ. ‘ಹಂಗಾರ ನಾನೂ ಹೇಳತೇನಿ’ ಅಂದ್ರು.

ಕೆಳಗಿಳಿಯೋವಾಗ ಸಣ್ಣ ಮಗ ಮೆಟ್ಟಲಾ ಹತ್ತಿ ಬಂದ. ಕೈಯಾಗ ಕೆತ್ತಿದ ಎಳನೀರು, ಅದರಾಗ ಕೊಳವಿ. ಅಪ್ಪಗ ಉಷ್ಣ ಆಗೇತಂತ, ತಂದೇನಿ ಅಂದ. ಗುರುವಾರ ಸಂಜೀಕ ಸುದ್ದಿ ಕೇಳಿ ರಾಣೆಬೆನ್ನೂರಿಂದ ಬಂದು ಜಗಳ ತಗದಿದ್ದ, ಅವತ್ತಿನಿಂದ ಅಪ್ಪ ಮಗ ಮಾತಾಡಿರಲಿಲ್ಲ, ಸಮಾಧಾನ ಮಾಡಾಕ ಬಂದಾನ, ಚಲೋ ಆತು ಅಂದ್ಕೊಂಡೆ. ಹಿತ್ತಲಕ್ಕ ಹೋಗಿ ಬೆಳ್ಳಿ ಲೋಟ ಮೂರು ಸಲ ಹುಣಸಿಹಣ್ಣ ಹಚ್ಚಿ ತಿಕ್ಕಿದೆ. ಹಿರೇ ಸೊಸಿ ಲೋಟ ಇಸ್ಕೊಂಡು, ಎಲ್ಲಾ ಕುಡದ್ರೇನು ಅಂತ ಕೇಳಿದ್ಲು.

ಹೂಂ, ಖಾಲಿ ಆತು ಅಂದೆ.

ಯಾರು ಕುಡದ್ರು ಅಂತ ಹೇಳಾಕ ನಾಚಿಕಿ ಬಂತು. ಆ ಒಂದು ಹೂಂ ಆ ಹುಡುಗಿನ್ನ ಹನ್ನೊಂದು ತಿಂಗಳು ಜೇಲಿನ್ಯಾಗ ಇಟ್ಟಿತು.

ಒಂದು ತಾಸಿನ್ಯಾಗ ಮ್ಯಾಲಿಂದ ಸಣ್ಣ ಮಗ ಒದರಿದ. ನಾವು ಹೋಗೋದ್ರಾಗ ಸಾವ್ಕಾರರ ಬಾಯಾಗ ನೊರಿ ಬಂದು ಒಣಗಿತ್ತು. ಎದಿ ಒಡದು ಸತ್ತಾರ ಅಂತ ಸಣ್ಣ ಮಗನ ಗೆಳೆಯ ಡಾಕ್ಟರ ಹೇಳಿದ. ಮರುದಿನ ಅವರನ್ನ ಕುಂದರಿಸಿ, ಈಬತ್ತಿ ಹಚ್ಚಿ, ಹೂವಿನ ವಿಮಾನ ಕಟ್ಟಿ ಹೆಗಲ ಮ್ಯಾಲೆ ಒಯ್ದು ಹೊಲದಾಗ ಮಣ್ಣು ಮಾಡಿದ್ರು. ಅವರ ಪೈಕಿ ಸುಡೂದಿಲ್ಲ. ಕುಣಿಯೊಳಗ ಉಪ್ಪು, ಪತ್ರಿ, ಈಬತ್ತಿ ಗಟ್ಟಿ ಹಾಕಿ ಕುಂತವರನ್ನ ಕುಂತಂಗ ಮುಚ್ಚತಾರ. ಸೋಮವಾರ ರೈತರು ಹೇಳಿದಂಗ ಬಂದ್ರು. ಕಟ್ಟಿ ಮುಂದ ಕೈ ಕಟಗೊಂಡು ಕುಂತ್ರು, ಯಾರೂ ಬೀಜದ ಮಾತು ಎತ್ತಲಿಲ್ಲ, ಮಧ್ಯಾಹ್ನ ಎದ್ದು ಹೋದ್ರು.

ಇಷ್ಟಕ್ಕ ಮುಗೀತಿತ್ತೋ ಏನೋ. ಆದ್ರ ಎರಡು ತಿಂಗಳಿಗೆ ರಾಣೆಬೆನ್ನೂರಾಗ ಬೀಜಕ್ಕ ಬಣ್ಣ ಹಚ್ಚತಿದ್ದ ಮನುಷ್ಯಾ ರೈಲು ಹಳಿ ಮ್ಯಾಲೆ ಹೆಣ ಆಗಿ ಸಿಕ್ಕ. ಬಿದ್ದನೋ, ತಾನ ಹೋಗಿ ಮಲಗಿದನೋ, ಇವತ್ತಿಗೂ ಗೊತ್ತಿಲ್ಲ. ಒಂದು ಮನಿ ಸುತ್ತ ಮೂರು ವರ್ಷದೊಳಗ ಮೂರು ಹೆಣ. ಸಾವ್ಕಾರರ ತಂಗಿ ಹೊಸರಿತ್ತಿಯೊಳಗ ಇದ್ಲು, ಆಕಿ ಹಾವೇರಿಗೆ ಹೋಗಿ ಅರ್ಜಿ ಕೊಟ್ಲು. ತಹಶೀಲ್ದಾರರು, ಡಾಕ್ಟರು, ಪೊಲೀಸರು ಬಂದು ಹೊಲದಾಗ ಕುಣಿ ತಗಿಸಿದ್ರು. ಸುಟ್ಟಿದ್ರ ಬರೇ ಬೂದಿ ಸಿಗತಿತ್ತು. ನಾ ದೂರ ಬೇವಿನ ಗಿಡದ ಕೆಳಗ ನಿಂತಿದ್ದೆ. ನೋಡಲಿಲ್ಲ.

ಹೊಟ್ಟಿಯೊಳಗ ವಿಷ ಸಿಕ್ತು ಅಂತ ವರದಿ ಬಂತು. ಬೀಜಕ್ಕ ಹಚ್ಚೋ ವಿಷ. ಸಣ್ಣ ಮಗ ತಡಾ ಮಾಡಲಿಲ್ಲ. ಕಡೀಕ ಅಪ್ಪ ಕುಡದದ್ದು ಅತ್ತಿಗಿ ಕೈ ಮಜ್ಜಿಗಿ, ಗಂಡನ ಪಾಲು ಬೇಕಾಗಿತ್ತು ಆಕೀಗೆ ಅಂದ. ಆಕಿ ಟ್ರಂಕಿನ್ಯಾಗ ಒಂದು ಪುಡಿ ಪಾಕೀಟೂ ಸಿಕ್ತು. ಯಾರು ಇಟ್ಟಿದ್ರೋ. ಪೊಲೀಸರು ಆ ಹುಡುಗಿನ್ನ ಕೇಳಿದ್ರು: ಮಜ್ಜಿಗಿ ನೀನ ಮಾಡಿದಿ? ಹೌದ್ರಿ. ಮಾವ ಕುಡದ್ರು? ಪೂರಾ ಕುಡದಾರ್ರೀ ಅಂದ್ಲು. ನಾ ಹೇಳಿದ್ದನ್ನ ನಂಬಿ ಹಂಗಂದ್ಲು. ಜೀಪಿನ್ಯಾಗ ಹತ್ತಿಸಿದ್ರು.

ನನ್ನನ್ನೂ ಕೇಳಿದ್ರು. ಮಜ್ಜಿಗಿ ಮ್ಯಾಲೆ ಒಯ್ದಾಕಿ ನೀನಾ? ನಾನ. ಖಾಲಿ ಲೋಟ ತಂದಾಕಿ ನೀನಾ? ನಾನ. ಬರಕೊಂಡ್ರು, ಹೆಬ್ಬಟ್ಟು ಒತ್ತು ಅಂದ್ರು. ಸಹಿ ಮಾಡತೇನಿ ಅಂತ ಸಹಿ ಮಾಡಿದೆ. ಕೇಳಿದ್ದಕ್ಕ ಉತ್ತರ ಕೊಟ್ಟೆ, ಕೇಳದ್ದನ್ನ ಹೇಳಲಿಲ್ಲ. ಹೇಳಿದ್ರ ಏನಾಗತಿತ್ತು ಅಂತ ನನಗ ಗೊತ್ತಿತ್ತು. ಗಂಡಿಲ್ಲದಾಕಿ, ನಡು ಮಧ್ಯಾಹ್ನ, ಸಾವ್ಕಾರರ ಖೋಲಿಯೊಳಗ, ಅವರ ಲೋಟ ಕಚ್ಚಿ ಮಜ್ಜಿಗಿ ಕುಡದ್ಲು. ಬ್ಯಾಡಗಿ ಜನಕ್ಕ ಇಷ್ಟು ಸಾಕು, ಉಳದದ್ದನ್ನ ಅವರ ಕೂಡಿಸಿಕೋತಾರ. ಮಜ್ಜಿಗಿಯೊಳಗ ವಿಷ ಇರಲಿಲ್ಲ ಅಂದ್ರ ಎಳನೀರಿನ್ಯಾಗ ಇತ್ತು ಅಂತಾನೂ ಆತು. ಅವ್ವಾರಿಗೆ ಉಳದದ್ದು ಒಬ್ಬ ಮಗ.

ಹನ್ನೊಂದು ತಿಂಗಳು ಹಿಂಗ ಕಳದೆ. ದಿನಾ ಆ ಮನಿಗೆ ಹೋಗತಿದ್ದೆ. ಗೋದಾಮು ಅರ್ಧ ಖಾಲಿ, ಸಾಲಿನ್ಯಾಗ ಹತ್ತು ಮಂದಿ, ಯಾರೂ ಹಾಡತಿರಲಿಲ್ಲ. ಅಡಗಿ ಮನಿಯೊಳಗ ನಾ ಮತ್ತ ಅವ್ವಾರು. ಅವರು ಹೂರಣ ರುಬ್ಬೋ ಕಲ್ಲಿನ ಮುಂದ ಸುಮ್ಮಕ ಕುಂತಿರತಿದ್ರು. ಒಂದಿನ ಆ ಹುಡುಗಿ ವಕೀಲ ಏನರ ಸುಳಿವು ಸಿಗತೈತೇನು ಅಂತ ಕೇಳಾಕ ಬಂದು, ಮುಂದಿನ ವಾರ ಕೋರ್ಟಿನ್ಯಾಗ ಕಡೀ ಸಾಕ್ಷಿ, ಆಮ್ಯಾಲೆ ತೀರ್ಪು, ಜನ್ಮಠೇಪು, ಸಾಯೋತನ ಜೇಲು, ಆಗೋದ ಗಟ್ಟಿ ಅಂತ ಹೇಳಿ ಹೋದ. ಅವತ್ತ ನಾ ಅವ್ವಾರ ಮುಂದ ಕುಂತು ಇದ್ದದ್ದು ಇದ್ದಂಗ ಹೇಳಿದೆ. ಕೆಮ್ಮು ಬಂದದ್ದು, ಕುಡದದ್ದು, ಮೆಟ್ಟಲದಾಗ ಎಳನೀರು ಕಂಡದ್ದು.

ಅವ್ವಾರು ಮೊದಲ ಕೇಳಿದ್ದು ಮಗನ ಮಾತಲ್ಲ.

‘ಆ ಲೋಟದಾಗ ಕುಡದೀ?’

‘ಕುಡದೆ.’

‘ಕಚ್ಚಿ?’

‘ಕಚ್ಚಿ.’

‘ನಲವತ್ತು ವರ್ಷ ಬಾಳೇವು ಮಾಡೇನಿ, ನನಗ ಒಂದು ದಿನ ಕುಡಿ ಅಂದಿಲ್ಲ’ ಅಂದ್ರು.

ನಿಮಗ ಕೆಮ್ಮು ಬಂದಿರಲಿಲ್ಲ ಅಂದೆ. ಅವರು ನಕ್ಕರೋ ಅತ್ತರೋ, ಮುಖ ಆ ಕಡೆ ಇತ್ತು. ಆಮ್ಯಾಲೆ ನನ್ನ ಕೈ ಹಿಡಕೊಂಡ್ರು. ಹಿಂದ ಇದ್ದಿಲಿ ಹಿಡಿಸಿ ಅಕ್ಷರ ತಿದ್ದತಿದ್ರಲ್ಲ, ಹಂಗ ಮಣಿಕಟ್ಟ ಹಿಡಕೊಂಡು, ‘ಒಬ್ಬನ್ನ ನೀರಿಗೆ ಕೊಟ್ಟೇನಿ. ಇನ್ನೊಬ್ಬನ್ನ ನೀ ಕಸಗೋಬ್ಯಾಡ’ ಅಂದ್ರು.

‘ಆ ಹುಡುಗಿ ಏನ ಮಾಡ್ಯಾಳ್ರಿ?’

‘ಆಕಿ ನನ್ನ ಹೊಟ್ಟ್ಯಾಗ ಹುಟ್ಟಿಲ್ಲ.’

ಆ ಮಾತು ಅವರ ಬಾಯಿಂದ ಬಂತು ಅಂತ ನಾ ಸಿಟ್ಟಾಗಿಲ್ಲ. ನನ್ನ ಹೊಟ್ಟ್ಯಾಗ ಹುಟ್ಟಿದವ ಆಗಿದ್ರ ನಾನೂ ಹಂಗ ಅಂತಿದ್ದೆ ಏನೋ. ಆದ್ರ ಆಕಿ ಜೇಲಿಗೆ ಹೋದದ್ದು ನನ್ನ ಹೂಂ ಅನ್ನೋ ಮಾತಿಗೆ. ಮರುದಿನ ಮೋಟೆಬೆನ್ನೂರ ಬಸ್ ಹತ್ತಿ ಆಕಿ ತವರಿಗೆ ಹೋದೆ, ಆಕಿ ಅಣ್ಣನ್ನ ಕರಕೊಂಡು ವಕೀಲನ ಹತ್ತರ ಹೋದೆ.

ಕೋರ್ಟಿನ್ಯಾಗ ಪಂಕಾ ತಿರಗತಿತ್ತು, ಗಾಳಿ ಬರತಿರಲಿಲ್ಲ. ಹಿಂದಿನ ಬಾಕಿನ ಮ್ಯಾಲೆ ಬ್ಯಾಡಗಿಯ ಅರ್ಧ ಊರು ಕುಂತಿತ್ತು. ಸಣ್ಣ ಮಗ ಬಿಳೇ ಅಂಗಿ ಹಾಕ್ಕೊಂಡು ಮುಂದಿನ ಸಾಲಿನ್ಯಾಗ. ಹಿರೇ ಸೊಸಿ ಕಟಕಟೆಯೊಳಗ, ಮೈ ಇಳದು ಹೋಗಿತ್ತು, ನನ್ನ ಕಡೆ ನೋಡಲಿಲ್ಲ. ನಾ ಹೇಳೋದನ್ನ ಹೇಳಿದೆ. ಸರಕಾರಿ ವಕೀಲಗ ನನ್ನ ಮಾತು ಬ್ಯಾಡಾಗಿತ್ತು. ಎದ್ದು ನಿಂತು ಹಿಂದಿನವರಿಗೆ ಕೇಳೋವಂಗ ಕೇಳಿದ:

‘ಸಾವ್ಕಾರರ ಬೆಳ್ಳಿ ಲೋಟ ಕಚ್ಚಿ ಕುಡಿಯೋ ಅಷ್ಟು ಸಲಗಿ ಇತ್ತೇನವಾ ನಿನಗ?’

ಹಿಂದ ಯಾರೋ ಕಿಸಕ್ ಅಂದ್ರು. ನನ್ನ ಕಿವಿ ಕಾದ್ವು. ಇದ ಒಂದು ಪ್ರಶ್ನೆಗೆ ಹೆದರಿ ಅಲ್ಲೇನು ನಾ ಹನ್ನೊಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದು. ಈಗ ಅದು ಬಂದು ಎದುರಿಗೆ ನಿಂತಿತು, ನೋಡಿದ್ರ ಅಷ್ಟ ಅದು.

‘ಇತ್ರೀ’ ಅಂದೆ. ‘ಮೂವತ್ತು ವರ್ಷ ಅವರ ಗೋದಾಮಿನ ಧೂಳಿ ಕುಡದೇನಿ. ಒಂದು ಲೋಟ ಮಜ್ಜಿಗಿ ಕುಡದ್ರ ಏನ ದೊಡ್ಡ ಮಾತು. ವಿಷ ಇದ್ದಿದ್ರ ನಾ ಇಲ್ಲಿ ನಿಂದರತಿರಲಿಲ್ಲ, ಅದನ್ನ ಬರಕೊಳ್ರಿ.’

ಅಂವ ಮತ್ತ ಕೇಳಿದ, ಇಷ್ಟು ದಿನ ಯಾಕ ಹೇಳಲಿಲ್ಲ ಅಂತ. ನಾಚಿಕಿ ಬಂದಿತ್ರೀ ಅಂದೆ. ಜಡ್ಜ್ ಸಾಹೇಬರು ಪೆನ್ನು ಕೆಳಗಿಟ್ಟು ನನ್ನ ನೋಡಿದ್ರು, ಮತ್ತ ಪೆನ್ನು ಎತ್ತಿ ಬರದ್ರು. ಹಿರೇ ಸೊಸಿ ಆಗ ತಲಿ ಎತ್ತಿದ್ಲು.

ಮುಂದಿನದು ಎಲ್ಲಾರಿಗೂ ಗೊತ್ತಿದ್ದದ್ದು, ಸಣ್ಣದಾಗಿ ಹೇಳತೇನಿ. ಆಕಿನ್ನ ಬಿಟ್ರು. ಎಳನೀರು ಮಾರಿದವ ಸಿಕ್ಕ, ಆಳಮನುಷ್ಯಾ ಹೊಂಡದ ಸುದ್ದಿ ಮತ್ತ ಬಾಯಿ ಬಿಟ್ಟ, ಪಾಕೀಟಿನ ಹಂಚಿಕಿ ಸುರು ಆಗೂಕಿಂತ ಮೊದಲ ಅಣ್ಣಗ ತಿಳದು ಅವ ಅಡ್ಡ ನಿಂತಿದ್ದ ಅನ್ನೋದು ಹೊರಗ ಬಂತು. ಸಣ್ಣ ಮಗ ಜನ್ಮಠೇಪಿನ್ಯಾಗ ಅದಾನ. ರಾಣೆಬೆನ್ನೂರ ಅಂಗಡಿಗೆ ಸೀಲು ಬಿತ್ತು. ಗೋದಾಮು ಇದ್ದಲ್ಲಿ ಈಗ ಮೋಟರ್ ಸೈಕಲ್ ಮಾರೋ ಶೋರೂಮ್ ಐತಿ, ಮುಂದ ಕನ್ನಡಿ ಗ್ವಾಡಿ. ಒಮ್ಮೊಮ್ಮೆ ಆ ಕಡೆ ಹಾಯ್ದು ಹೋಗೋವಾಗ ಮೂಗು ಏರಿಸಿ ನೋಡತೇನಿ. ಘಾಟು ಇಲ್ಲ. ಹಿರೇ ಸೊಸಿ ಮೋಟೆಬೆನ್ನೂರ ಹೊಲ ತಾನ ಮಾಡಿಸತಾಳ. ಜೇಲು ಬಿಟ್ಟು ಬಂದ ಮ್ಯಾಲೆ ಒಂದ ಸಲ ನನ್ನ ಮನಿ ಬಾಗಲಿಗೆ ಬಂದಿದ್ಲು. ಕೂಡು ಅಂದೆ, ಕುಂದರಲಿಲ್ಲ. ಉಪಕಾರ ಆತು ಅಂದ್ಲು, ಆಮ್ಯಾಲೆ ‘ಹನ್ನೊಂದು ತಿಂಗಳು ಯಾಕ ಬೇಕಾತು?’ ಅಂದ್ಲು. ಚಾಪಿ ತರಾಕ ನಾ ಒಳಗ ಹೊಳ್ಳಿದೆ. ಹೋದ್ಲು.

ಕೋರ್ಟಿನ ದಿನ ಸಂಜೀಕ ಹಾವೇರಿಯಿಂದ ಬಂದು ಬಸ್ ಇಳದಾಕಿ ಸೀದಾ ಆ ಮನಿಗೆ ಹೋದೆ. ಸುದ್ದಿ ನನಗಿಂತ ಮೊದಲ ಬಂದಿತ್ತು. ಅವ್ವಾರು ಕಟ್ಟಿ ಮ್ಯಾಲೆ ಕುಂತಿದ್ರು, ಸೆರಗ ತಲಿ ಮ್ಯಾಲೆ. ಬೈತಾರ, ಬಡೀತಾರ ಅಂತ ತಯಾರಾಗಿ ಹೋಗಿದ್ದೆ. ಬೈಯಲಿಲ್ಲ.

‘ಊಟ ಮಾಡೀದಿ?’ ಅಂದ್ರು.

ಇಲ್ಲ ಅಂದೆ.

‘ನಿನ್ನ ಮನ್ಯಾಗ ಮಾಡು ಹೋಗು’ ಅಂದ್ರು. ‘ನಾಳಿಂದ ಇತ್ತ ಬರಬ್ಯಾಡ. ನೀ ಹೇಳಿದ್ದು ಸುಳ್ಳಂತ ಅಲ್ಲ. ನಿನ್ನ ಮುಖ ನೋಡಿದ್ರ ನನಗ ಕೋರ್ಟು ಕಾಣತೈತಿ.’

ಮುಂದ ಅವರು ಹೊಸರಿತ್ತಿಗೆ ನಾದಿನಿ ಮನಿಗೆ ಹೋದ್ರು, ಅಲ್ಲೇ ತೀರಿಕೊಂಡ್ರು. ನಾ ನೋಡಾಕ ಹೋಗಲಿಲ್ಲ. ಬರಬ್ಯಾಡ ಅಂದಿದ್ರು. ಅವರ ಮಾತು ನಾ ಮೀರಿದ್ದು ಒಂದ ಸಲ, ಎರಡನೇ ಸಲ ಮೀರಾಕ ಮನಸ್ಸಾಗಲಿಲ್ಲ.

ಅವತ್ತು ಮನಿಗೆ ಬಂದು ಉಪ್ಪಿಟ್ಟು ಮಾಡಿಕೊಂಡು ತಿಂದೆ, ಮಲಗಿದೆ. ಮರುದಿನ ಮುಂಜಾನೆ ಎದ್ದು, ಮೂವತ್ತು ವರ್ಷ ಬಲಕ್ಕ ಹೊಳ್ಳತಿದ್ದ ದಾರಿ ಕೂಡಿನ್ಯಾಗ ಎಡಕ್ಕ ಹೊಳ್ಳಿ, ಪ್ಯಾಟಿ ಹಿಂದಿನ ಬ್ಯಾರೆ ದಲಾಲರ ಗೋದಾಮಿಗೆ ಹೋದೆ. ಹೆಣ್ಣಮಕ್ಕಳು ಮಾತು ನಿಲ್ಲಿಸಿದ್ರು. ಮೇಸ್ತ್ರಿ ನನ್ನ ಮ್ಯಾಲಿಂದ ಕೆಳಗ ನೋಡಿ, ನಿನ್ನೆ ಹಾವೇರಿಯೊಳಗ ಸಾಕ್ಷಿ ಹೇಳಿದಾಕಿ ನೀನ ಏನು ಅಂದ. ಹೌದು ನಾನ, ಚೀಲ ಎಲ್ಲಿ ಕೊಡತಿ ಅಂದೆ. ಬಾಗಲಾ ಬಾಜೂಕ ತೋರಿಸಿದ. ಗಾಳಿಗೆ ಧೂಳಿ ಮುಖಕ್ಕ ಬಡಿಯೋ ಜಾಗಾ, ಹೊಸಬ್ರಿಗೆ ಕೊಡೋದು ಅದನ್ನ. ಕುಂತೆ. ಕಾಯಿ ಹಳೇವು, ಬಣ್ಣ ಹಾರಿತ್ತು, ತುಂಬು ಲಗೂ ಬರತಿದ್ದಿಲ್ಲ. ಮಧ್ಯಾಹ್ನದೊಳಗ ಒಂದು ಚೀಲ ಮುಗಿಸಿ ಎರಡನೇದು ಬಿಚ್ಚಿದೆ.